ಕೂಲರ್ ಪುಟ, ರಜಾಯಿ ಪುಟ

ಎರಡೂವರೆ ಇಂಚು ಉಳಿದಿದ್ದ ಪೆನ್ಸಿಲ್, ಹಿಂಬದಿಯಲ್ಲಿ ಹಲ್ಲಿನ ಗುರುತು. ಅದನ್ನು ಒಂದು ಗೇಣುದ್ದದ ಬಿಳಿ ದಾರದಿಂದ ರಿಜಿಸ್ಟರಿನ ಬೆನ್ನಿಗೆ ಕಟ್ಟಲಾಗಿತ್ತು. ಸುಲೋಚನಾ ಆಂಟಿಯ ಕೈಯಲ್ಲಿದ್ದದ್ದು ಮಾತ್ರ ನೀಲಿ ಬಾಲ್‌ಪೆನ್, ಮುಚ್ಚಳ ತೆಗೆದು ಸಿದ್ಧವಾಗಿ. ಅವರು ನನ್ನ ಉತ್ತರ ಕೇಳಿದರು, ನನ್ನ ಮುಖವನ್ನು ಒಂದು ಸಲ ನೋಡಿದರು, ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟು ಪೆನ್ಸಿಲ್ ಎತ್ತಿಕೊಂಡರು. ಇಂಕು ಮುಗಿದಿರಬೇಕು ಎಂದುಕೊಂಡೆ.

ಅವರು ಕೇಳಿದ್ದು ಇಷ್ಟೇ: "ನೀನು ಎಲ್ಲಿ ಮಲಗ್ತೀಯ?"

ಪರಿಚಯವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ನಾನು ತುಮಕೂರಿನವಳು. ದೆಹಲಿಯಲ್ಲಿ ಎಂ.ಎ. ಮುಗಿಸಿ, ಕೆಲಸ ಸಿಕ್ಕಿ, ಹಾಸ್ಟೆಲ್ ಬಿಟ್ಟು ಮಯೂರ್ ವಿಹಾರಿನ ಆ ಬಾಡಿಗೆ ಮನೆಗೆ ಬಂದು ಎರಡು ವಾರವಾಗಿತ್ತು. ಜೊತೆಗಿರಬೇಕಿದ್ದ ಗೆಳತಿಗೆ ಮದುವೆ ಗೊತ್ತಾಗಿ ಅವಳು ಬರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ನಾನೊಬ್ಬಳೇ. ಮೇಲಿನ ಮಹಡಿಯಲ್ಲಿ ಕನ್ನಡದವರಿದ್ದಾರೆ ಎಂದು ಮನೆ ಮಾಲೀಕರು ಹೇಳಿದಾಗ ಸಂತೋಷಕ್ಕಿಂತ ಅಳುಕೇ ಹೆಚ್ಚಾಗಿತ್ತು. ಊರ ಕಡೆಯವರೆಂದರೆ ಪ್ರಶ್ನೆಗಳು ಜಾಸ್ತಿ. ಆದರೆ ಇಂಥ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ.

"ಹಿಂದಿನ ರೂಮಿನಲ್ಲಿ," ಎಂದೆ. "ಮಂಚದ ಮೇಲೆ."

"ತಲೆ ಯಾವ ಕಡೆ?"

"ಕಿಟಕಿ ಕಡೆ."

"ರೂಮಿನ ಬಾಗಿಲಿಗೆ ಚಿಲಕ ಹಾಕ್ತೀಯಾ?"

"ಇಲ್ಲ."

"ಒಳ್ಳೇದು," ಎಂದು ಬರೆದುಕೊಂಡರು: ಒಂದು-ಸೊನ್ನೆ-ನಾಲ್ಕು, ಒಬ್ಬರು, ಹಿಂದಿನ ಕೋಣೆ, ತಲೆ ಕಿಟಕಿಗೆ. ಆಮೇಲೆ ನಾನು ಕೊಟ್ಟ ಕಾಫಿ ಕುಡಿದು, "ಡಿಕಾಕ್ಷನ್ ತೆಳ್ಳಗಾಯ್ತು, ನಾಳೆ ನಮ್ಮನೆಗೆ ಬಾ," ಎಂದು ಎದ್ದರು.

ನಾನು ಹೇಳಿದ್ದು ಸುಳ್ಳು. ಹಿಂದಿನ ಕೋಣೆಯಲ್ಲಿ ಮಂಚವಿತ್ತು, ಅದರ ಮೇಲೆ ಒಂದು ಸುಕ್ಕೂ ಇಲ್ಲದಂತೆ ಹಾಸಿದ ಚಾದರವಿತ್ತು. ನಾನು ಮಲಗುತ್ತಿದ್ದುದು ಮುಂಬಾಗಿಲ ಹಿಂದಿನ ಇಕ್ಕಟ್ಟು ಪ್ಯಾಸೇಜಿನಲ್ಲಿ, ನೆಲದ ಮೇಲೆ ತೆಳುವಾದ ಹಾಸಿಗೆ ಹಾಕಿಕೊಂಡು, ಎರಡೂ ಅಂಗಾಲು ಬಾಗಿಲಿಗೆ ತಾಗಿಸಿಕೊಂಡು. ಬಾಗಿಲು ಒಂದು ಕೂದಲೆಳೆಯಷ್ಟು ಅಲುಗಿದರೂ ಗೊತ್ತಾಗಲಿ ಎಂದು. ಒಂಟಿಯಾಗಿರಲು ಹೆದರಿಕೆ ಎಂದು ನಾನು ಮನೆಯವರಿಗೆ ಹೇಳಿರಲಿಲ್ಲ, ಆಫೀಸಿನಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ಅಪ್ಪ ಮರುದಿನವೇ ರೈಲು ಹತ್ತಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಪ್ರತಿದಿನ ಎದ್ದ ಕೂಡಲೇ ಹಾಸಿಗೆ ಸುತ್ತಿ ಮಂಚದ ಕೆಳಗೆ ತಳ್ಳುತ್ತಿದ್ದೆ. ಹಾಗಿರುವಾಗ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದ ಒಬ್ಬ ಅಪರಿಚಿತ ಹೆಂಗಸಿಗೆ ಹೇಗೆ ಹೇಳಲಿ?

ಹೌದು, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಗೊಂಚಲಿನಲ್ಲಿ ಒಂದು ಸೀಟಿ. ಎಡಗಿವಿಯ ಮೇಲೆ ಕೂದಲು ತೆಳ್ಳಗಾಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಹೆಡ್‌ಸೆಟ್ ಕೂತಿದ್ದ ಜಾಗ ಅದು. ಚಿತ್ರದುರ್ಗದಿಂದ ಇಪ್ಪತ್ತೊಂದರ ವಯಸ್ಸಿಗೆ ದೆಹಲಿಗೆ ಬಂದು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದೂರುಗಳಿಗೆ ಲೈನು ಜೋಡಿಸುವ ಟ್ರಂಕ್ ಆಪರೇಟರ್ ಆಗಿ ಸೇರಿ, ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಮಾತು ಈಗಲೂ ಎಕ್ಸ್‌ಚೇಂಜಿನದೇ. ಮನೆ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಹೇಳುವರು. ಯಾರಾದರೂ ಸುತ್ತಿ ಬಳಸಿ ಮಾತಾಡಿದರೆ, ಟ್ರಂಕ್ ಕಾಲಿನ ಲೆಕ್ಕದಂತೆ, "ಮೂರು ನಿಮಿಷ ಆಯ್ತು," ಎಂದು ಎದ್ದೇ ಬಿಡುವರು. ಮಾತಿನ ನಡುವೆ ನಾನು ಸುಮ್ಮನಾದರೆ, "ಹಲೋ, ಲೈನಿನಲ್ಲಿದ್ದೀಯಾ?" ಎಂದು ಕೇಳುವರು. ನಾನು ಬಹಳ ಸಲ ಸುಮ್ಮನಾಗುತ್ತಿದ್ದೆ.

ನಮ್ಮದು ಮೂವತ್ತೆರಡು ಮನೆಗಳ ಹಳೆಯ ಸೊಸೈಟಿ. ಎರಡು ಮೆಟ್ಟಿಲ ಸಾಲು, ನೆಲಮಹಡಿ ಸೇರಿ ನಾಲ್ಕು ಅಂತಸ್ತು. ಆ ಮೂವತ್ತೆರಡು ಮನೆಗಳಲ್ಲಿ ಯಾರು ಯಾವ ಕೋಣೆಯಲ್ಲಿ, ಯಾವ ಗೋಡೆಗೆ ತಲೆಯಿಟ್ಟು ಮಲಗುತ್ತಾರೆ ಎಂಬುದು ಸುಲೋಚನಾ ಆಂಟಿಯ ರಿಜಿಸ್ಟರಿನಲ್ಲಿತ್ತು. ವರ್ಷಕ್ಕೆ ಎರಡು ಸಲ ಅದನ್ನು ಹೊಸದಾಗಿ ಬರೆಯುವರು, ಏಕೆಂದರೆ ದೆಹಲಿಯಲ್ಲಿ ಮನೆಗಳು ವರ್ಷಕ್ಕೆ ಎರಡು ಸಲ ಮಗ್ಗುಲು ಬದಲಿಸುತ್ತವೆ. ಬೇಸಿಗೆಯಲ್ಲಿ ಇಡೀ ಸಂಸಾರ ಕಿಟಕಿಗೆ ಕೂರಿಸಿದ, ನೀರಿನಿಂದ ತಂಪು ಗಾಳಿ ಬೀಸುವ ಕೂಲರ್ ಇರುವ ಒಂದೇ ಕೋಣೆಗೆ ಬಂದು ಸಾಲಾಗಿ ಮಲಗುತ್ತದೆ. ಚಳಿಗಾಲದಲ್ಲಿ ಬಿಸಿಲು ಬೀಳುವ ಕೋಣೆಗೆ ಅಜ್ಜ ಅಜ್ಜಿ ಹೋಗುತ್ತಾರೆ, ಉಳಿದವರು ತಂತಮ್ಮ ರಜಾಯಿ ಹೊದ್ದು ಚದುರುತ್ತಾರೆ. ಆದ್ದರಿಂದ ಹೋಳಿ ಕಳೆದ ವಾರ 'ಕೂಲರ್ ಪುಟ', ದೀಪಾವಳಿ ಕಳೆದ ವಾರ 'ರಜಾಯಿ ಪುಟ'. "ಚಳಿಗಾಲದ ಪಟ್ಟಿ ಹಿಡಕೊಂಡು ಮೇ ತಿಂಗಳಲ್ಲಿ ಹುಡುಕಿದರೆ ಖಾಲಿ ಮಂಚ ಸಿಗುತ್ತೆ," ಎನ್ನುವರು.

ಸೊಸೈಟಿಯ ಮಕ್ಕಳು ಅವರಿಗೆ ಇಟ್ಟ ಹೆಸರು 'ಪಲಂಗ್ ವಾಲೀ ಆಂಟಿ', ಮಂಚದ ಆಂಟಿ. ಅವರು ಮೆಟ್ಟಿಲೇರಿ ಬರುವುದು ಕಂಡರೆ, "ಮಮ್ಮೀ, ಪಲಂಗ್ ವಾಲೀ ಆಂಟಿ ಆ ಗಯೀ!" ಎಂದು ಕೂಗಿ ಓಡುವರು. ಆಂಟಿಗೆ ಬೇಸರವಿಲ್ಲ. ಮೇಲಿನ ಮಹಡಿಯ ಒಂದು ಮನೆಗೆ ಹೊಸ ಸೊಸೆ ಬಂದಾಗ ನಾನೂ ಜೊತೆಯಲ್ಲಿದ್ದೆ. ಆಂಟಿ ತಮ್ಮ ಚಿತ್ರದುರ್ಗದ ಹಿಂದಿಯಲ್ಲಿ, ಒಂದಿಷ್ಟೂ ನಾಚಿಕೆಯಿಲ್ಲದೆ ನವದಂಪತಿಯ ಮಂಚದ ದಿಕ್ಕು ವಿಚಾರಿಸಿದರು. ಹುಡುಗಿ ಕೆಂಪಾದಳು, ಹುಡುಗ ಬಾಲ್ಕನಿಗೆ ಹೋದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, "ಬೆಹೆನ್‌ಜೀ, ಇದನ್ನೂ ಸರ್ಕಾರ ಕೇಳುತ್ತಾ ಈಗ?" ಎಂದರು.

"ಸರ್ಕಾರ ಕೇಳಲ್ಲ, ಅದಕ್ಕೇ ನಾನು ಕೇಳೋದು," ಎಂದರು ಆಂಟಿ. "ತಲೆ ಯಾವ ಕಡೆ, ಹೇಳಿ."

ಮೆಟ್ಟಿಲಿಳಿಯುವಾಗ ನಾನು ತಡೆಯಲಾರದೆ, "ಆಂಟಿ, ನಿಮಗೆ ಮುಜುಗರ ಆಗಲ್ವಾ?" ಎಂದೆ.

"ಮುಜುಗರ ಅವರಿಗೆ ಆಗಲಿ, ಪರವಾಗಿಲ್ಲ. ಒಂದು ನಿಮಿಷದ್ದು," ಎಂದರು. ಆಮೇಲೆ ಮೆಟ್ಟಿಲ ತಿರುವಿನಲ್ಲಿ ನಿಂತು, ಮಂಡಿ ಹಿಡಿದುಕೊಂಡು, ಆ ಕಥೆಯನ್ನು ಹೇಳಿದರು.

ಗುಜರಾತಿನಲ್ಲಿ ಭೂಮಿ ನಡುಗಿದ ಜನವರಿಯ ದಿನ ಅವರು ಡ್ಯೂಟಿಯಲ್ಲಿದ್ದರು. ನೇರ ಡಯಲ್ ಬಂದು ಎಷ್ಟೋ ವರ್ಷಗಳಾಗಿದ್ದವು, ಆದರೆ ಅಂದು ಲೈನು ಸಿಗದವರೆಲ್ಲ ಆಪರೇಟರಿಗೇ ಫೋನು ಮಾಡಿದರು. ಕರೋಲ್ ಬಾಗಿನಲ್ಲಿ ಬಟ್ಟೆ ಅಂಗಡಿಯಿಟ್ಟಿದ್ದ ಒಬ್ಬಾತ ಬೆಳಗಿನಿಂದ ಮತ್ತೆ ಮತ್ತೆ ಕರೆ ಮಾಡುತ್ತಿದ್ದ. ಊರಿನ ಮನೆಯಲ್ಲಿ ಅವನ ತಾಯಿ ಹಾಸಿಗೆ ಹಿಡಿದಿದ್ದಳು. ಮರುದಿನ ಮಧ್ಯಾಹ್ನ ಆಂಟಿ ಹೇಗೋ ಆ ಬೀದಿಯ ಹತ್ತಿರವೇ ಯಾರನ್ನೋ ಹಿಡಿದು ಲೈನು ಕೊಟ್ಟರು. ಆ ಕಡೆಯ ದನಿ ಕೇಳಿತು: ಮನೆ ಕುಸಿದಿದೆ, ನಾವು ಐದು ಜನ ಇದ್ದೇವೆ, ನಿಮ್ಮ ತಾಯಿ ಯಾವ ಮಗ್ಗುಲಲ್ಲಿ ಮಲಗುತ್ತಿದ್ದರು ಹೇಳಿ, ಅಲ್ಲಿಂದ ತೆಗೆಯುತ್ತೇವೆ.

"ಅವನು ಸುಮ್ಮನಾಗಿಬಿಟ್ಟ. ಲೈನಿನಲ್ಲಿದ್ದೀರಾ ಅಂತ ನಾನೇ ಕೇಳಿದೆ. ಆಮೇಲೆ ಹೇಳ್ತಾನೆ, ನಂಗೊತ್ತಿಲ್ಲ ಮೇಡಂ, ಹೋದಾಗೆಲ್ಲ ಅವಳು ಎದ್ದು ಜಗಲಿ ಮೇಲೆ ಬಂದು ಕೂತಿರ್ತಿದ್ದಳು ಅಂತ."

"ಸಿಕ್ಕಿದರಾ ಅವರು?"

"ಲೈನು ಕಟ್ಟಾಯ್ತು," ಎಂದರು ಆಂಟಿ, ಮುಂದಿನ ಮೆಟ್ಟಿಲಿಗೆ ಕಾಲಿಡುತ್ತ. "ನಾನು ಮಾಡಿದ ಕಾಲ್‌ಗಳಲ್ಲಿ ಅದೊಂದು ಇನ್ನೂ ಮುಗಿದಿಲ್ಲ."

ನಿವೃತ್ತಿಯಾದ ಮೇಲೆ ಅವರು ಸೊಸೈಟಿಯನ್ನೇ ಎಕ್ಸ್‌ಚೇಂಜ್ ಮಾಡಿಕೊಂಡರು. ಕಿಟಕಿಯ ಕಬ್ಬಿಣದ ಜಾಲರಿಗಳಲ್ಲಿ ಮನೆಗೊಂದಾದರೂ ಕೀಲು ಹಾಕಿಸಿ, ಒಳಗಿನಿಂದ ತೆರೆಯುವ ಹಾಗಿರಬೇಕೆಂದು ಹಟ ಹಿಡಿದರು. ಟೆರೇಸಿನ ಬಾಗಿಲಿಗೆ ಬೀಗ ಕೂಡದು ಎಂದರು. ಪಂಪ್ ರೂಮಿನ ಹಿಂದೆ ಸುಣ್ಣ ಬಳಿಯುವವರು ಬಿಟ್ಟುಹೋದ ಉದ್ದನೆಯ ಬಿದಿರಿನ ಏಣಿಯೊಂದಿತ್ತು. ಕಳ್ಳರಿಗೆ ಅನುಕೂಲವಾಗುತ್ತದೆಂದು ಸೆಕ್ರೆಟರಿ ಖನ್ನಾ ಸಾಹೇಬರು ಅದಕ್ಕೆ ಸರಪಳಿ ಹಾಕಿಸಿದ್ದರು. "ಬೀಗ ಹಾಕಿದರೆ ಅದು ಏಣಿ ಅಲ್ಲ ಖನ್ನಾಜೀ, ಬೊಂಬು," ಎಂದು ಆಂಟಿ ಎರಡು ತಿಂಗಳು ಬೆನ್ನುಬಿದ್ದು ತೆಗೆಸಿದರು. ಗೇಟಿನ ಗಾರ್ಡ್ ಸೂರಜ್‌ಪಾಲ್, ಐವತ್ತು ದಾಟಿದ ಮಾಜಿ ಸೈನಿಕ, ಅವರ ಒಬ್ಬನೇ ಅನುಯಾಯಿ. ತಿಂಗಳಿಗೊಂದು ಭಾನುವಾರ ಆಂಟಿ ಸೀಟಿ ಊದುವುದು, ಅವನು ಏಣಿ ಹೊತ್ತು ಓಡಿ ಬಂದು ಹೇಳಿದ ಕಿಟಕಿಗೆ ಹಚ್ಚುವುದು, ಆಂಟಿ ಗಡಿಯಾರ ನೋಡಿ, "ಸ್ಲೋ, ಸೂರಜ್‌ಪಾಲ್, ಬಹುತ್ ಸ್ಲೋ," ಎನ್ನುವುದು ನಡೆಯುತ್ತಿತ್ತು. ಜನ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ನೋಡಿ ನಗುತ್ತಿದ್ದರು.

ನಾನು ಕೆಲಸ ಮಾಡುತ್ತಿದ್ದುದೂ ಇದೇ ವಿಷಯದಲ್ಲಿ ಎಂದರೆ ಓದುವವರಿಗೆ ವಿಚಿತ್ರವೆನಿಸಬಹುದು. ಹಲವು ದೇಶಗಳಲ್ಲಿ ಶಾಖೆಗಳಿದ್ದ ಒಂದು ಪರಿಹಾರ ಸಂಸ್ಥೆಯ ದೆಹಲಿ ಕಚೇರಿ. ಪ್ರವಾಹ, ಭೂಕಂಪ, ಸುನಾಮಿ ಬರುವ ಮೊದಲೇ ಏನೇನು ಸಿದ್ಧವಾಗಿರಬೇಕು ಎಂಬುದರ ಬಗ್ಗೆ ವರದಿ ತಯಾರಿಸುವುದು ನನ್ನ ಕೆಲಸ. ಕೋಷ್ಟಕಗಳನ್ನು ಚೆನ್ನಾಗಿ ಮಾಡುತ್ತೇನೆಂದು ಹೆಸರಿತ್ತು. ಒಮ್ಮೆ ನಮ್ಮ ತರಬೇತಿ ಶಿಬಿರಕ್ಕೆ ಟರ್ಕಿಯಿಂದ ಒಬ್ಬ ಮಹಿಳೆ ಬಂದಿದ್ದರು, ಕುಸಿದ ಕಟ್ಟಡಗಳಲ್ಲಿ ಜನರನ್ನು ಹುಡುಕುವ ತಂಡದವರು. ಊಟದ ಹೊತ್ತಿನಲ್ಲಿ ಯಾರೋ ಅವರನ್ನು ಕೇಳಿದರು, ಬೇರೆ ದೇಶಕ್ಕೆ ಇಳಿದ ಕೂಡಲೇ ಮೊದಲು ಏನು ಮಾಡುತ್ತೀರಿ ಎಂದು. ನಾಯಿ, ಯಂತ್ರ, ಕ್ಯಾಮೆರಾ ಎಂದೆಲ್ಲ ಹೇಳುತ್ತಾರೆಂದು ನಾನು ಪೆನ್ನು ಹಿಡಿದು ಕೂತಿದ್ದೆ.

"ಒಬ್ಬ ನೆರೆಮನೆಯವಳನ್ನು ಹುಡುಕುತ್ತೇವೆ," ಎಂದರು ಅವರು. "ಯಾರು ಎಲ್ಲಿ ಮಲಗುತ್ತಿದ್ದರು ಅಂತ ಗೊತ್ತಿರುವ ಒಬ್ಬಳು ಸಿಕ್ಕರೆ ಸಾಕು. ಪ್ರತಿ ಬೀದಿಯಲ್ಲೂ ಒಬ್ಬಳು ಇರುತ್ತಾಳೆ. ಅವಳು ಬದುಕಿರಲಿ ಅಂತ ಬೇಡಿಕೊಳ್ಳುತ್ತೇವೆ."

ನಾನು ಅದನ್ನು ವರದಿಯಲ್ಲಿ 'ಸಮುದಾಯ ಮಟ್ಟದ ಮಾಹಿತಿ ಸಂಗ್ರಹ' ಎಂದು ಬರೆದೆ. ಆ ಸಂಜೆ ಬಸ್ಸಿನಿಂದಿಳಿದವಳು ಮನೆಗೆ ಹೋಗದೆ ನೇರ ಮೇಲೆ ಹೋಗಿ ಆಂಟಿಯ ಬಾಗಿಲು ತಟ್ಟಿದೆ. ನಿಜ ಹೇಳಬೇಕೆಂದೇ ಹೋಗಿದ್ದೆ. ಅವರು ನೆಲದ ಮೇಲೆ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. "ಏನಮ್ಮ ನಂದಿನಿ?" ಎಂದರು. ನಾನು ಬ್ಯಾಗಿನಲ್ಲಿದ್ದ ಅವರ ಚಿತ್ರಾನ್ನದ ಸ್ಟೀಲ್ ಡಬ್ಬಿ ವಾಪಸು ಕೊಟ್ಟು, ಚೆನ್ನಾಗಿತ್ತು ಎಂದು ಹೇಳಿ ಬಂದುಬಿಟ್ಟೆ.

ಮುಂದಿನ ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಮೂರರ ಸುಮಾರು. ಹೊರಗೆ ಬಿಸಿಗಾಳಿ, ಒಳಗೆ ಎಲ್ಲ ಮನೆಗಳಲ್ಲೂ ಊಟ ಮುಗಿಸಿ ಕೂಲರ್ ಮುಂದೆ ನಿದ್ದೆ. ನಮ್ಮ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡು ಹತ್ತಿಕೊಂಡಿತು. ಬೆಂಕಿ ದೊಡ್ಡದಲ್ಲ, ಹೊಗೆ ದೊಡ್ಡದು. ಸುಟ್ಟ ವೈರಿನ ಕಪ್ಪು ಹೊಗೆ ಮೆಟ್ಟಿಲನ್ನೇ ಚಿಮಣಿ ಮಾಡಿಕೊಂಡು ಏರಿತು. ಮೇಲಿನ ಎರಡು ಮಹಡಿಯವರು ಟೆರೇಸಿಗೆ ಹತ್ತಿ, ಆ ಕಡೆಯ ಮೆಟ್ಟಿಲಿನಿಂದ ಇಳಿದರು, ಬಾಗಿಲಿಗೆ ಬೀಗವಿರಲಿಲ್ಲ. ನೆಲಮಹಡಿಯವರು ಹಿಂದಿನ ಬಾಗಿಲಿನಿಂದ ಹೊರಬಂದರು. ಮೊದಲ ಮಹಡಿಯ ನಾಲ್ಕು ಮನೆಯವರಿಗೆ ಮಾತ್ರ ಮೇಲೂ ದಾರಿಯಿಲ್ಲ, ಕೆಳಗೂ ಇಲ್ಲ.

ಆಂಟಿ ಹುಲ್ಲಿನ ಮೇಲೆ ನಿಂತು ರಿಜಿಸ್ಟರ್ ತೆರೆದು ಓದುತ್ತಿದ್ದರಂತೆ, ಎಕ್ಸ್‌ಚೇಂಜಿನ ದನಿಯಲ್ಲಿ. ಒಂದು-ಸೊನ್ನೆ-ಮೂರರ ಅಜ್ಜ ಎಡಗೋಡೆ, ಒಂದು-ಸೊನ್ನೆ-ಎರಡರಲ್ಲಿ ಮೂವರು ಕೂಲರ್ ರೂಮು. ಸೂರಜ್‌ಪಾಲ್ ಮತ್ತು ಇಬ್ಬರು ಒಂದೊಂದೇ ಕಿಟಕಿಗೆ ಏಣಿ ಹಚ್ಚಿ ಅವರನ್ನೆಲ್ಲ ಇಳಿಸಿದರು. ಹೇಳಿದ ಜಾಗದಲ್ಲೇ ಎಲ್ಲರೂ ಸಿಕ್ಕಿದರು. ಆಮೇಲೆ ನನ್ನ ಸರದಿ: ಒಂದು-ಸೊನ್ನೆ-ನಾಲ್ಕು, ಹಿಂದಿನ ಕೋಣೆ, ತಲೆ ಕಿಟಕಿಗೆ.

ನಾನು ಎಂದಿನಂತೆ ಬಾಗಿಲಿಗೆ ಕಾಲು ತಾಗಿಸಿ ಮಲಗಿದ್ದೆ. ಬಾಗಿಲ ಸಂದಿಯಿಂದ ನುಗ್ಗಿದ ಹೊಗೆ ಮೊದಲು ಸೇರಿದ್ದು ನನ್ನನ್ನೇ. ಎಚ್ಚರವಾದಾಗ ಕಣ್ಣು ಬಿಡಲಾಗಲಿಲ್ಲ. ಓಡಬೇಕೆಂದು ಬಾಗಿಲು ತೆರೆದೆ, ಮಿಕ್ಕ ಹೊಗೆಯೂ ಒಳಗೆ ಬಂತು. ಮುಚ್ಚಿದೆ. ನನ್ನದೇ ಮನೆಯಲ್ಲಿ ಯಾವ ಕಡೆ ಯಾವ ಕೋಣೆ ಎಂದು ತಿಳಿಯದೆ ಗೋಡೆ ತಡವುತ್ತ ಅಡುಗೆಮನೆಯ ಹೊಸ್ತಿಲಿನಲ್ಲಿ ಬಿದ್ದೆ. ಆಗ ಹಿಂದಿನ ಕೋಣೆಯಲ್ಲಿ ಗಾಜು ಒಡೆದ ಸದ್ದು ಕೇಳಿತು. ಜಾಲರಿಯ ಚಿಲಕ ಎಳೆದ ಸದ್ದು. ಸೂರಜ್‌ಪಾಲನ ದನಿ, ಹನ್ನೆರಡು ಅಡಿ ದೂರದಿಂದ:

"ಕೋಯೀ ನಹೀಂ ಹೈ! ಬಿಸ್ತರ್ ಖಾಲಿ ಹೈ!"

ಹಾಸಿಗೆ ಖಾಲಿ, ಯಾರೂ ಇಲ್ಲ. ನಾನು ಇದ್ದೇನೆ ಎಂದು ಕೂಗಲು ಬಾಯಿ ತೆರೆದೆ. ದನಿ ಬರಲಿಲ್ಲ. ಏಣಿ ಗೋಡೆಯಿಂದ ಸರಿದ ಸದ್ದು ಕೇಳಿದ್ದೇ ನನಗಿರುವ ಕೊನೆಯ ನೆನಪು.

ಉಳಿದದ್ದನ್ನು ಬೇರೆಯವರು ಹೇಳಿದ್ದು. ಏಣಿ ಇಳಿಸುತ್ತಿರುವಾಗ ಆಂಟಿ ನನ್ನ ಮುಂದಿನ ಕೋಣೆಯ ಕಿಟಕಿ ನೋಡಿದರಂತೆ. ಕರೆಂಟು ಹೋಗಿ ಕೂಲರ್ ನಿಂತಿತ್ತು, ಆದರೆ ತಳದಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು, ಅಂದರೆ ಸ್ವಲ್ಪ ಹೊತ್ತಿನ ಹಿಂದಿನವರೆಗೂ ಓಡುತ್ತಿತ್ತು. "ಲಡ್ಕೀ ಅಂದರ್ ಹೈ! ಕೂಲರ್ ಟಪಕ್ ರಹಾ ಹೈ!" ಹುಡುಗಿ ಒಳಗಿದ್ದಾಳೆ, ಕೂಲರ್ ತೊಟ್ಟಿಕ್ಕುತ್ತಿದೆ ಎಂದು ಕೂಗಿ, "ಆ ಹುಡುಗಿ ಹೊರಗೆ ಹೋಗುವಾಗ ಒಂದು ಬಲ್ಬನ್ನೂ ಬಿಟ್ಟು ಹೋಗಲ್ಲ, ಕೂಲರ್ ಬಿಡ್ತಾಳಾ? ಹೋಗು, ನೆಲ ತಡವಿ ನೋಡು," ಎಂದು ಸೂರಜ್‌ಪಾಲನನ್ನು ಮತ್ತೆ ಹತ್ತಿಸಿದರು. ಅಷ್ಟರಲ್ಲಿ ಅವನ ಮುಂಗೈ ಗಾಜಿಗೆ ಸೀಳಿ ಅಂಗಿಯ ತೋಳು ಪೂರ್ತಿ ಕೆಂಪಾಗಿತ್ತು. ಆ ಕೈಯಲ್ಲೇ ಅವನು ನನ್ನನ್ನು ಇಳಿಸಿದ್ದು.

ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದೆ. ಐದನೆಯ ದಿನವೇ ಇರಬೇಕು, ಸೊಸೈಟಿಯ ಸಭೆ. ಬೆಳಿಗ್ಗೆ ಹನ್ನೊಂದಕ್ಕೆ, ಪ್ಲಾಸ್ಟಿಕ್ ಕುರ್ಚಿಗಳು, ಸಮೋಸ. ಸೂರಜ್‌ಪಾಲ್ ಕೈಗೆ ಬ್ಯಾಂಡೇಜ್ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದ. ಖನ್ನಾ ಸಾಹೇಬರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಮೇಡಂ, ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ರಿಜಿಸ್ಟರ್ ಏನು ಹೇಳಿತು? ಹಿಂದಿನ ಕೋಣೆ. ಹುಡುಗಿ ಎಲ್ಲಿದ್ದಳು? ಅಡುಗೆಮನೆಯಲ್ಲಿ. ಖಾಲಿ ಮಂಚಕ್ಕಾಗಿ ಈ ಬಡಪಾಯಿಯ ಕೈ ಹೋಗುತ್ತಿತ್ತು, ಹುಡುಗಿಯ ಜೀವ ಹೋಗುತ್ತಿತ್ತು. ಕೂಲರಿನ ನೀರು ಕಾಪಾಡಿತು, ನಿಮ್ಮ ಪುಸ್ತಕ ಅಲ್ಲ. ವರ್ಷಗಟ್ಟಲೆ ನಮ್ಮ ಬೆಡ್‌ರೂಮಿನಲ್ಲಿ ಇಣುಕಿ ಆಯಿತಲ್ಲ, ಇನ್ನು ಸಾಕು."

ಕೆಲವರು ತಲೆಯಾಡಿಸಿದರು. ಆಂಟಿ ನನ್ನ ಕಡೆ ನೋಡಲಿಲ್ಲ. ನಾನು ಕೊನೆಯ ಸಾಲಿನಲ್ಲಿದ್ದೆ. ಎದ್ದು ನಿಂತು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಮೂವತ್ತು ಮನೆಯವರ ಎದುರು, ಗಂಡಸರ ಎದುರು, ನಾನು ಹೆದರಿ ಬಾಗಿಲ ಹಿಂದೆ ಮಲಗುತ್ತೇನೆ ಎಂದು ಹೇಳುವುದು. ನನ್ನ ಗಂಟಲು ಇನ್ನೂ ಸರಿಯಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಆಂಟಿ ಎದ್ದರು. "ಎಂಟ್ರಿ ನನ್ನದು. ರಾಂಗ್ ನಂಬರ್ ಕೊಟ್ಟರೆ ತಪ್ಪು ಆಪರೇಟರದ್ದು, ಫೋನು ಎತ್ತಿದವರದ್ದಲ್ಲ," ಎಂದರು ಹಿಂದಿಯಲ್ಲಿ. ಸೂರಜ್‌ಪಾಲನ ಹತ್ತಿರ ಹೋಗಿ ಅವನ ಬ್ಯಾಂಡೇಜನ್ನು ಒಂದು ಸಲ ಮುಟ್ಟಿದರು. "ಮೂರು ನಿಮಿಷ ಆಯ್ತು," ಎಂದು ನಡೆದುಬಿಟ್ಟರು.

ಅಂದಿನಿಂದ ರಿಜಿಸ್ಟರ್ ಹೊರಗೆ ಬರಲಿಲ್ಲ. ಏಣಿಗೆ ಮತ್ತೆ ಸರಪಳಿ ಬಿತ್ತು. ದೀಪಾವಳಿ ಬಂತು, ಹೋಯಿತು. ರಜಾಯಿ ಪುಟ ಬರೆಯಲಿಲ್ಲ. ನಾವು ಮೆಟ್ಟಿಲಲ್ಲಿ ಎದುರಾದರೆ ಮಾತಾಡುತ್ತಿದ್ದೆವು, ತರಕಾರಿ, ಚಳಿ, ನನ್ನ ಕೆಮ್ಮು. ಫೆಬ್ರವರಿಯಲ್ಲಿ ಮಂಡಿ ತೀರಾ ಕೆಟ್ಟು, ಲಿಫ್ಟ್ ಇರುವ ಮನೆ ಬೇಕೆಂದು ಅವರ ತಂಗಿಯ ಮಗಳು ಮಂಜುಳಾ ಅವರನ್ನು ಗ್ರೇಟರ್ ನೋಯ್ಡಾಕ್ಕೆ ಕರೆದುಕೊಂಡು ಹೋದಳು. ಟೆಂಪೋ ಹೊರಡುವಾಗ ನಾನು ಆಫೀಸಿನಲ್ಲಿದ್ದೆ. ಬೇಕೆಂದೇ ಅಲ್ಲಿದ್ದೆ.

ಹೋಳಿ ಕಳೆದ ಶನಿವಾರ ನಾನು ಎರಡು ಬಸ್ಸು, ಒಂದು ಆಟೋ ಹಿಡಿದು ಗ್ರೇಟರ್ ನೋಯ್ಡಾಕ್ಕೆ ಹೋದೆ. ಹೊಸ ಕಟ್ಟಡ, ಒಂಬತ್ತನೆಯ ಮಹಡಿ, ಸುತ್ತ ಇನ್ನೂ ಖಾಲಿ ಬಯಲು. ಆಂಟಿ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು, ಕಾಲಿಗೆ ಶೂ ಇರಲಿಲ್ಲ. ಮಂಜುಳಾ ಕಾಫಿ ತಂದಿಟ್ಟು ಒಳಗೆ ಹೋದಳು. ನಾನು ಲೋಟ ಮುಟ್ಟದೆ, ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳನ್ನು ಒಂದೇ ಉಸಿರಿಗೆ ಹೇಳಿದೆ. ಪ್ಯಾಸೇಜು, ಹಾಸಿಗೆ, ಬಾಗಿಲಿಗೆ ಅಂಗಾಲು, ಸಭೆಯಲ್ಲಿ ಸುಮ್ಮನೆ ಕೂತದ್ದು.

ಅವರು ಪೂರ್ತಿ ಕೇಳಿದರು. ಮೂರು ನಿಮಿಷ ಆಯ್ತು ಎನ್ನಲಿಲ್ಲ.

"ಒಳಗೆ ಗೋಡ್ರೆಜ್ ಬೀರುವಿನ ಮೇಲೆ ರಿಜಿಸ್ಟರಿದೆ. ತಗೊಂಡು ಬಾ."

ತಂದೆ. ಅವರು ಕಳೆದ ವರ್ಷದ ಕೂಲರ್ ಪುಟ ತೆಗೆದು ನನ್ನ ಮುಂದೆ ಹಿಡಿದರು. ಬಹುತೇಕ ಸಾಲುಗಳು ನೀಲಿ ಇಂಕು. ನನ್ನದು ಬೂದು ಬಣ್ಣದಲ್ಲಿತ್ತು, ಪೆನ್ಸಿಲ್.

"ಕಣ್ಣಾರೆ ಕಂಡಿದ್ದು ಪೆನ್ನು. ಬಾಯಲ್ಲಿ ಹೇಳಿದ್ದು, ನನಗೆ ನಂಬಿಕೆ ಬರದೆ ಇದ್ದದ್ದು ಪೆನ್ಸಿಲ್ಲು," ಎಂದರು. "ಮೊದಲ ದಿನ ನಿನ್ನ ಮಂಚ ನೋಡಿದೆ. ಅಷ್ಟು ಸಪಾಟಾಗಿರೋ ಹಾಸಿಗೇಲಿ ಯಾರೂ ಮಲಗಲ್ಲ. ಇನ್ನೊಂದು ಸಲ ಬಂದು ಸರಿಯಾಗಿ ಕೇಳೋಣ ಅಂದುಕೊಂಡೆ. ನೀನು ಮಾತು ಕಮ್ಮಿ ಹುಡುಗಿ, ಹಿಂಸೆ ಯಾಕೆ ಅಂತ ಬಿಟ್ಟೆ, ಹೊಸ ಪುಟಕ್ಕೂ ಅದನ್ನೇ ಇಳಿಸಿದೆ. ಅವತ್ತು ಹೊಗೆಯಲ್ಲಿ ಕಣ್ಣುರಿ. ಪೆನ್ನೋ ಪೆನ್ಸಿಲ್ಲೋ ನೋಡದೆ ಓದಿಬಿಟ್ಟೆ. ಅದು ನನ್ನ ತಪ್ಪು. ಸಭೆಯಲ್ಲಿ ನಾನು ಹೇಳಿದ್ದು ನಿನ್ನನ್ನು ಉಳಿಸೋಕೆ ಅಲ್ಲ, ನಿಜಾನೇ ಹೇಳಿದೆ. ಸುಳ್ಳು ಹೇಳಿದ್ದು, ಆಮೇಲೆ ಸುಮ್ಮನೆ ಕೂತದ್ದು ನಿನ್ನ ತಪ್ಪು. ಎರಡನ್ನೂ ಕಲೆಸಬೇಡ. ನನ್ನದು ನಾನು ಹೊರ್ತೀನಿ."

ನಾನು ಅಳಲಿಲ್ಲ. ಅತ್ತರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ.

"ಈ ಬಿಲ್ಡಿಂಗಿನಲ್ಲಿ ಶುರು ಮಾಡಿದ್ದೀರಾ?" ಎಂದು ಕೇಳಿದೆ.

"ಈ ಮಹಡಿ ಆಯ್ತು. ಬಾಗಿಲು ತೆಗೆಯೋಕೆ ಮೊದಲು ಕ್ಯಾ ಬೇಚ್ ರಹೀ ಹೋ ಅಂತಾರೆ, ಏನು ಮಾರ್ತಿದ್ದೀಯ ಅಂತ," ಎಂದು ನಕ್ಕರು. ಪಕ್ಕದಲ್ಲಿ ಹೊಸ ನೋಟ್‌ಬುಕ್ಕೊಂದು ಇತ್ತು. ಹಳೆಯ ರಿಜಿಸ್ಟರನ್ನು ಮುಚ್ಚಿ ನನ್ನ ಮಡಿಲಿಗೆ ಇಟ್ಟರು, ದಾರ, ಪೆನ್ಸಿಲ್ ಸಮೇತ. "ಹೋಳಿ ಆಯ್ತಲ್ಲ. ಕೂಲರ್ ಪುಟದ ಟೈಮು."

ಲಿಫ್ಟಿನವರೆಗೆ ಗೋಡೆ ಹಿಡಿದು ನಡೆದು ಬಂದರು. ಬಾಗಿಲು ಮುಚ್ಚಿಕೊಳ್ಳುವಾಗ, "ಹಲೋ," ಎಂದರು, "ಲೈನಿನಲ್ಲಿದ್ದೀಯಾ?"

"ಇದ್ದೀನಿ ಆಂಟಿ."

ಅದೇ ಕೊನೆಯ ಭೇಟಿ. ಆ ಮಳೆಗಾಲದಲ್ಲಿ, ನಾನು ಕೆಲಸದ ಮೇಲೆ ಬಿಹಾರದ ನೆರೆ ಬಂದ ಊರುಗಳಲ್ಲಿದ್ದಾಗ, ಅವರು ಹೋದರೆಂದು ಮಂಜುಳಾ ಫೋನು ಮಾಡಿದಳು. ನಿದ್ದೆಯಲ್ಲೇ ಹೋದರಂತೆ. ಯಾವ ಕೋಣೆಯಲ್ಲಿ, ತಲೆ ಯಾವ ಕಡೆ ಎಂದು ನಾನು ಕೇಳಿದೆ. ಮಂಜುಳಾಗೆ ಆಶ್ಚರ್ಯವಾಗಲಿಲ್ಲ. ಹೇಳಿದಳು.

ಆದರೆ ನಾನು ಹೇಳಬೇಕಾದದ್ದು ಗ್ರೇಟರ್ ನೋಯ್ಡಾದಿಂದ ಬಂದ ಮರುದಿನದ ಬೆಳಗಿನ ಮಾತು. ಭಾನುವಾರ, ಏಳು ಗಂಟೆ. ರಿಜಿಸ್ಟರ್ ತೆಗೆದುಕೊಂಡು ಮೊದಲು ಗೇಟಿಗೆ ಹೋದೆ. ಸೂರಜ್‌ಪಾಲ್ ಚಹಾ ಕುಡಿಯುತ್ತಿದ್ದ. ಅವನ ಮುಂಗೈಯಲ್ಲಿ ಗಾಯದ ಗುರುತು ಹೊಳೆಯುತ್ತಿತ್ತು. ನಾನು ಅಂದು ಎಲ್ಲಿ ಮಲಗಿದ್ದೆ, ಏಕೆ ಸುಳ್ಳು ಹೇಳಿದ್ದೆ ಎಂದು ಅವನಿಗೆ ಹೇಳಿದೆ. ಅವನು ಲೋಟ ಕೆಳಗಿಟ್ಟ.

"ಪೆಹಲೇ ಬೋಲ್ನಾ ಥಾ, ದೀದೀ," ಎಂದ. ಮೊದಲೇ ಹೇಳಬೇಕಿತ್ತು. ಅವನ ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. ಆಮೇಲೆ ಎದ್ದು, ಮೊಳೆಗೆ ತೂಗುಹಾಕಿದ್ದ ಏಣಿಯ ಬೀಗದ ಕೈಯನ್ನು ತೆಗೆದು ಜೇಬಿಗೆ ಹಾಕಿಕೊಂಡ.

ನೆಲಮಹಡಿಯ ಸೊನ್ನೆ-ಸೊನ್ನೆ-ಎರಡರ ಗಂಟೆ ಒತ್ತಿದೆ. ಖನ್ನಾ ಸಾಹೇಬರು ಬನಿಯನ್ನಿನಲ್ಲಿ, ಪೇಪರ್ ಹಿಡಿದು ಬಾಗಿಲು ತೆರೆದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಅವರ ಹುಬ್ಬು ಗಂಟಾಯಿತು.

"ಅಂಕಲ್, ಒಂದು-ಸೊನ್ನೆ-ನಾಲ್ಕು. ಒಬ್ಬಳೇ ಇದ್ದೇ‍ನೆ," ಎಂದೆ. ನನ್ನ ಹಿಂದಿ ನಡುಗುತ್ತಿತ್ತು, ನಿಲ್ಲಿಸಲಿಲ್ಲ. "ಮುಂಬಾಗಿಲ ಹಿಂದೆ ನೆಲದ ಮೇಲೆ ಮಲಗುತ್ತೇನೆ. ಕಾಲು ಬಾಗಿಲಿಗೆ. ಹೆದರಿಕೆಯಾಗುತ್ತದೆ, ಅದಕ್ಕೆ. ಹಿಂದಿನ ಕೋಣೆ ಅಂತ ಸುಳ್ಳು ಹೇಳಿದವಳು ನಾನು. ರಿಜಿಸ್ಟರ್ ತಪ್ಪಾಗಿದ್ದು ನನ್ನಿಂದ. ನೀವು ಎಲ್ಲಿ ಮಲಗುತ್ತೀರಿ?"

ಅವರು ಪೇಪರ್ ಮಡಿಸಿದರು, ಬಿಚ್ಚಿದರು. ಒಳಗಿನಿಂದ ಹೆಂಡತಿಯ ದನಿ ಬಂತು, ಕೌನ್ ಹೈ, ಯಾರದು ಎಂದು. ರಿಜಿಸ್ಟರಿನಲ್ಲಿ ಖನ್ನಾ ಸಾಹೇಬರ ಹೆಸರಿನ ಮುಂದೆ ದೊಡ್ಡ ಬೆಡ್‌ರೂಮ್, ಬಲಗಡೆ ಎಂದಿತ್ತು, ಬೂದು ಬಣ್ಣದಲ್ಲಿ. ಅದನ್ನು ನಾನು ಮೆಟ್ಟಿಲಿಳಿಯುವಾಗಲೇ ನೋಡಿಕೊಂಡಿದ್ದೆ.

ಕೊನೆಗೆ ಅವರು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತರು. ಡ್ರಾಯಿಂಗ್ ರೂಮಿನ ಮೂಲೆಯಲ್ಲಿ ಟಿವಿಯ ಎದುರು ಒಂದು ದೀವಾನ್. ಮೇಲೆ ಮುದುಡಿದ ಚಾದರ, ಒಂದೇ ದಿಂಬು, ದಿಂಬಿನ ನಡುವೆ ತಲೆ ಒತ್ತಿದ ಗುಳಿ. ಪಕ್ಕದಲ್ಲಿ ಕನ್ನಡಕದ ಡಬ್ಬಿ.

"ತಲೆ ಟಿವಿ ಕಡೆಗಾ, ಗೋಡೆ ಕಡೆಗಾ?" ಎಂದು ಕೇಳಿದೆ.

"ಗೋಡೆ ಕಡೆಗೆ," ಎಂದರು ಮೆಲ್ಲಗೆ.

ನಾನು ಪೆನ್ನಿನ ಮುಚ್ಚಳ ತೆಗೆದು ಬರೆದುಕೊಂಡೆ.